ಗಿಡ ಎಷ್ಟು ನೀರು ಕುಡಿಯಿತು ಅಂತ ತೂಗಿ ಹೇಳುವ ತಟ್ಟೆ: ಒಬ್ಬ ನರ್ಸರಿಯವಳ ಅನುಭವ

ಕುಂಡದ ಗಿಡಕ್ಕೆ ಯಾವಾಗ ನೀರು ಹಾಕಿದಿರಿ ಅಂತ ಕೇಳಿದರೆ ಎಲ್ಲರೂ ಹೇಳುತ್ತಾರೆ. ಎಷ್ಟು ಹಾಕಿದಿರಿ ಅಂದರೆ ಒಂದು ಮಗ್, ಎರಡು ಮಗ್ ಅಂತ ಅಂದಾಜು ಹೇಳುತ್ತಾರೆ. ಅದರಲ್ಲಿ ಗಿಡ ಎಷ್ಟು ಕುಡಿಯಿತು ಅಂತ ಕೇಳಿ ನೋಡಿ, ಯಾರ ಹತ್ತಿರವೂ ಉತ್ತರ ಇರುವುದಿಲ್ಲ. ನಮ್ಮ ನರ್ಸರಿಯಲ್ಲಿ ಈಗ ಉತ್ತರ ಇದೆ. ನಾಲ್ಕು ತಟ್ಟೆಯ ಒಂದು ತೂಕದ ಸೆಟ್ ಹಾಕಿಸಿದ್ದೇವೆ. ಹೋದ ಬೇಸಿಗೆಗೆ ಮುಂಚೆ ಬಂತು, ಮಳೆಗಾಲ ಪೂರ್ತಿ ಓಡಿತು, ಚಳಿಗಾಲವನ್ನೂ ನೋಡಿತು. ಕೊಳ್ಳುವ ಮುಂಚೆ ಇದರ ಬಗ್ಗೆ ಕನ್ನಡದಲ್ಲಿ ಓದೋಣ ಅಂತ ಹುಡುಕಿದಾಗ ನನಗೆ ಏನೂ ಸಿಕ್ಕಿರಲಿಲ್ಲ. ಅದಕ್ಕೇ ನಾನೇ ಬರೆಯುತ್ತಿದ್ದೇನೆ.

ನಮ್ಮದು ಹೆಸರಘಟ್ಟದ ಕಡೆ ಅರ್ಧ ಎಕರೆ ಜಾಗ. ಮಲ್ಲಿಗೆ, ದಾಸವಾಳ, ನಿಂಬೆ, ಕರಿಬೇವು, ಒಂದಷ್ಟು ಗ್ರೋ ಬ್ಯಾಗ್ ಟೊಮೆಟೊ. ಎಲ್ಲವೂ ಕುಂಡದಲ್ಲೇ. ಒಂದು ಬೋರ್‌ವೆಲ್ ಇದೆ. ಬೇಸಿಗೆಯಲ್ಲಿ ಅದು ಸೊರಗಿದರೆ ಟ್ಯಾಂಕರ್ ತರಿಸಿ ಸಂಪ್ ತುಂಬಿಸುತ್ತೇವೆ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ನೀರಿಗೆ ಹಾಹಾಕಾರ ಎದ್ದದ್ದು ನೆನಪಿದೆ ಅಲ್ವಾ? ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ, ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿತ್ತು. ಆಗ ಬಂದ ಗಿರಾಕಿಗಳೆಲ್ಲ ಕೇಳುತ್ತಿದ್ದದ್ದು ಒಂದೇ. "ಏನಮ್ಮಾ, ಕಡಿಮೆ ನೀರು ಕುಡಿಯೋ ಗಿಡ ಯಾವ್ದಿದೆ?" ನಾನು ಗೊತ್ತಿದ್ದಷ್ಟು ಹೇಳುತ್ತಿದ್ದೆ. ಆದರೆ ಅಂಕಿ ಇಟ್ಟುಕೊಂಡು ಹೇಳಬೇಕು ಅನ್ನುವ ಆಸೆ ಅಲ್ಲಿಂದ ಶುರುವಾಯಿತು.

ಸೆಟ್ ಅಂದರೆ ಏನು ಅಂತ ಮೊದಲು ಹೇಳಿಬಿಡುತ್ತೇನೆ. ಒಂದೊಂದು ತಟ್ಟೆಯೂ ಎರಡು ಲೋಹದ ಹಲಗೆ. ಅವುಗಳ ನಡುವೆ ಒಂದು ಅಲ್ಯೂಮಿನಿಯಂ ಪಟ್ಟಿ. ಇದೇ ಲೋಡ್ ಸೆಲ್. ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯೊಳಗೂ ಇರುವುದು ಇದೇ. ಭಾರ ಬಿದ್ದಾಗ ಪಟ್ಟಿ ಕಣ್ಣಿಗೆ ಕಾಣದಷ್ಟು ಬಗ್ಗುತ್ತದೆ. ಅದರ ಮೇಲೆ ಅಂಟಿಸಿದ ಸ್ಟ್ರೇನ್ ಗೇಜ್‌ಗಳ ವಿದ್ಯುತ್ ತಡೆ ಒಂದು ಚೂರು ಬದಲಾಗುತ್ತದೆ. ಆ ಸಣ್ಣ ಬದಲಾವಣೆಯನ್ನು ಎಚ್‌ಎಕ್ಸ್ 711 ಅನ್ನುವ ಚಿಪ್ ಅಂಕಿಯಾಗಿ ಮಾಡುತ್ತದೆ. ಇಎಸ್‌ಪಿ 32 ಅನ್ನುವ ಬೋರ್ಡ್ ಅದನ್ನು ವೈಫೈ ಮೂಲಕ ಫೋನಿಗೆ ಕಳಿಸುತ್ತದೆ. ನಮ್ಮದರಲ್ಲಿ ಮೂರು ತಟ್ಟೆ 20 ಕಿಲೋದವು, ಒಂದು 5 ಕಿಲೋದು. ಐದು ನಿಮಿಷಕ್ಕೊಮ್ಮೆ ತೂಕ ಬರೆದಿಡುತ್ತದೆ. ಬಿಡಿ ಭಾಗಗಳು ಬೆಂಗಳೂರಿನ ಎಸ್‌ಪಿ ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತವೆ. ಎಲೆಕ್ಟ್ರಾನಿಕ್ಸ್ ಓದಿದ ಮಕ್ಕಳು ಮನೆಯಲ್ಲಿದ್ದರೆ ಅವರೇ ಮಾಡಿಕೊಡುತ್ತಾರೆ. ನಾವು ಒಂದು ಸಣ್ಣ ವರ್ಕ್‌ಶಾಪ್‌ನವರ ಹತ್ತಿರ ಜೋಡಿಸಿದ್ದನ್ನೇ ತಗೊಂಡೆವು. ಡಬ್ಬಿ, ವೈರು, ಆ್ಯಪ್, ಬಂದು ಕೂರಿಸಿಕೊಟ್ಟದ್ದು ಎಲ್ಲ ಸೇರಿ 22 ಸಾವಿರ ಕೊಟ್ಟೆವು. ಬಿಡಿ ಭಾಗದ ಲೆಕ್ಕದಲ್ಲಿ ಜಾಸ್ತಿಯೇ. ಆದರೆ ಕೂರಿಸುವುದರಲ್ಲೇ ಅರ್ಧ ಕೆಲಸ ಇದೆ, ಅದಕ್ಕೆ ಕೊಟ್ಟ ದುಡ್ಡು ದಂಡ ಅಂತ ನನಗೆ ಅನ್ನಿಸಿಲ್ಲ.

ಲೆಕ್ಕ ತೀರಾ ಸರಳ. ಒಂದು ಗ್ರಾಂ ನೀರು ಅಂದರೆ ಒಂದು ಮಿಲಿಲೀಟರ್. ಬೆಳಗ್ಗೆ 11 ಕಿಲೋ 200 ಗ್ರಾಂ ಇದ್ದ ಕುಂಡ ಸಂಜೆ 10 ಕಿಲೋ 400 ಗ್ರಾಂ ಆದರೆ 800 ಮಿಲಿಲೀಟರ್ ನೀರು ಗಾಳಿಗೆ ಹೋಗಿದೆ. ಬೇರು ಹೀರಿದ್ದರಲ್ಲಿ ಗಿಡದ ಮೈಯಲ್ಲಿ ಉಳಿಯುವುದು ಬಹಳ ಕಡಿಮೆ. ಹೆಚ್ಚುಕಮ್ಮಿ ಎಲ್ಲವೂ ಎಲೆಯ ಸಣ್ಣ ರಂಧ್ರಗಳಿಂದ ಆವಿಯಾಗಿ ಹೋಗುತ್ತದೆ. ಇದನ್ನು ತೂಗಿ ಕಂಡುಹಿಡಿಯುವುದು ಹೊಸದೇನಲ್ಲ. ಸ್ಟೀಫನ್ ಹೇಲ್ಸ್ ಅನ್ನುವ ಇಂಗ್ಲೆಂಡಿನ ಪಾದ್ರಿ 1724ರಲ್ಲೇ ಕುಂಡದ ಸೂರ್ಯಕಾಂತಿಯನ್ನು ಬೆಳಗ್ಗೆ ಸಂಜೆ ತೂಗಿದ್ದರು. ಮಣ್ಣಿನಿಂದ ನೇರವಾಗಿ ಆವಿ ಹೋಗಬಾರದು ಅಂತ ಕುಂಡದ ಬಾಯಿಗೆ ತೆಳ್ಳನೆಯ ಸೀಸದ ತಗಡು ಮುಚ್ಚಿದ್ದರು. ಆ ತಗಡಿನ ಉಪಾಯ ನನಗೆ ತುಂಬಾ ಹಿಡಿಸಿತು. ನಾವೂ ಅಳತೆಗೆ ಇಟ್ಟ ಕುಂಡದ ಮೇಲೆ ದಪ್ಪ ಪಾಲಿಥೀನ್ ಹಾಳೆ ಕಟ್ಟುತ್ತೇವೆ. ಕಾಂಡದ ಸುತ್ತ ಮಾತ್ರ ಚೂರು ಬಿಡುತ್ತೇವೆ. ಹಾಗೆ ಮಾಡದಿದ್ದರೆ ಗಿಡ ಕುಡಿದದ್ದೆಷ್ಟು, ಮಣ್ಣು ಒಣಗಿದ್ದೆಷ್ಟು ಅಂತ ಬೇರೆ ಮಾಡಲು ಆಗುವುದಿಲ್ಲ. ಚಿಕ್ಕ ಸಸಿ ಇದ್ದಾಗಂತೂ ಮಣ್ಣಿನ ಪಾಲೇ ಜಾಸ್ತಿ.

ಇದೇ ಕೆಲಸವನ್ನು ದೊಡ್ಡ ಮಟ್ಟದಲ್ಲಿ ಮಾಡುವವರಿದ್ದಾರೆ. ಹೈದರಾಬಾದ್ ಹತ್ತಿರ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಅನ್ನುವ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆಯಲ್ಲಿ ಲೀಸಿಸ್ಕ್ಯಾನ್ ಅನ್ನುವ ವ್ಯವಸ್ಥೆ ಇದೆ. ಮೇಲಿಂದ ಸ್ಕ್ಯಾನರ್ ಓಡಾಡಿ ಎಲೆಯ ವಿಸ್ತಾರ ಅಳೆಯುತ್ತದೆ, ಕೆಳಗೆ ಲೋಡ್ ಸೆಲ್‌ಗಳು ನೀರಿನ ಲೆಕ್ಕ ಇಡುತ್ತವೆ. ಸಜ್ಜೆಯ ಕೆಲವು ತಳಿಗಳು ಮಧ್ಯಾಹ್ನ ಗಾಳಿ ತೀರಾ ಒಣಗಿದಾಗ ಎಲೆಯ ರಂಧ್ರ ಕಿರಿದು ಮಾಡಿಕೊಂಡು ನೀರು ಉಳಿಸುತ್ತವೆ ಅಂತ ಅಲ್ಲಿನವರು ತೋರಿಸಿಕೊಟ್ಟಿದ್ದಾರೆ. ಉಳಿಸಿದ ಆ ನೀರು ಕೊನೆಗೆ ಕಾಳು ಕಟ್ಟುವಾಗ ಕೆಲಸಕ್ಕೆ ಬರುತ್ತದೆ. ನಮ್ಮ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ (ಜಿಕೆವಿಕೆ) ಬೆಳೆ ಶರೀರಕ್ರಿಯೆ ವಿಭಾಗದವರೂ ಕಡಿಮೆ ನೀರಿನಲ್ಲಿ ಬೆಳೆಯುವ ತಳಿ ಹುಡುಕಲು ಎಷ್ಟೋ ವರ್ಷಗಳಿಂದ ಕುಂಡ ತೂಗುತ್ತಿದ್ದಾರೆ. ನೆದರ್ಲೆಂಡ್ಸ್‌ನ ಗಾಜಿನ ಮನೆಗಳಲ್ಲಿ ಟೊಮೆಟೊ ಬೆಳೆಯುವವರು ಬೇರಿನ ಚೀಲವನ್ನೇ ತಕ್ಕಡಿ ಮೇಲೆ ಕೂರಿಸಿ ನೀರು ಬಿಡುತ್ತಾರೆ. ಅವರ ಯಂತ್ರಗಳ ಬೆಲೆ ನಮ್ಮಂಥವರಿಗೆ ಎಟುಕುವುದಲ್ಲ. ಆದರೆ ಒಳಗಿನ ತತ್ವ ನಮ್ಮ 22 ಸಾವಿರದ ಸೆಟ್‌ನದ್ದೂ ಅದೇ.

ಕೂರಿಸುವಾಗ ಗಮನಿಸಬೇಕಾದ ಸಂಗತಿಗಳನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಜನ ಯಂತ್ರವನ್ನು ಬೈಯುವುದು ಸಾಮಾನ್ಯವಾಗಿ ಇಲ್ಲೇ.

ನೆಲ ಸಮ ಇರಬೇಕು. ನಾವು ಕಡಪ ಕಲ್ಲು ಹಾಸಿ, ರಸಮಟ್ಟ ಇಟ್ಟು ನೋಡಿ, ಅದರ ಮೇಲೆ ತಟ್ಟೆ ಇಟ್ಟಿದ್ದೇವೆ. ಕುಂಡ ತಟ್ಟೆಯ ನಡುವೆ ಕೂರಬೇಕು. ಕುಂಡದಿಂದ ಸೋರಿದ ನೀರು ತಟ್ಟೆಯ ಮೇಲೆ ನಿಲ್ಲದೆ ಹೊರಗೆ ಹರಿದು ಹೋಗಬೇಕು. ನಿಂತರೆ ಅದೂ ತೂಕಕ್ಕೆ ಸೇರುತ್ತದೆ, ಕುಂಡದಲ್ಲೇ ಇದೆ ಅಂತ ಲೆಕ್ಕ ಬರುತ್ತದೆ. ಎಲ್ಲಕ್ಕಿಂತ ಕಿರಿಕಿರಿ ಡ್ರಿಪ್ ಪೈಪಿನದು. ಕಪ್ಪು ಪೈಪು ಬೆಳಗ್ಗೆ ಬಿಗಿಯಾಗಿರುತ್ತದೆ, ಬಿಸಿಲಿಗೆ ಸಡಿಲವಾಗುತ್ತದೆ. ಅದು ಕುಂಡಕ್ಕೆ ತಾಗಿದ್ದರೆ ಬೆಳಗ್ಗೆ ಒಂದು ಕಡೆ ಎಳೆಯುತ್ತದೆ, ಮಧ್ಯಾಹ್ನ ಮೇಲೆ ಒರಗುತ್ತದೆ. ತೂಕದಲ್ಲಿ ಹತ್ತಾರು ಗ್ರಾಂ ಹೆಚ್ಚುಕಮ್ಮಿ ಆಗಿಬಿಡುತ್ತದೆ. ಅದಕ್ಕೆ ಸಾಲಿನುದ್ದಕ್ಕೂ ಹೋಗುವ ಆ ಪೈಪನ್ನು ಬೇರೆ ಗೂಟಕ್ಕೆ ಕಟ್ಟಿ, ಡ್ರಿಪ್ಪರ್ ಕುಂಡದ ಮೇಲೆ ಮುಟ್ಟದ ಹಾಗೆ ತೂಗುಬಿಟ್ಟಿದ್ದೇವೆ. ಹನಿ ಮಾತ್ರ ಕುಂಡಕ್ಕೆ ಬೀಳಬೇಕು.

ಇನ್ನೊಂದು ಬಿಸಿಲಿನ ಸಮಸ್ಯೆ. ಲೋಡ್ ಸೆಲ್ ಬಿಸಿಯಾದರೆ ಅಂಕಿ ಜಾರುತ್ತದೆ. 20 ಕಿಲೋದ ಸಾಮಾನ್ಯ ಸೆಲ್‌ನಲ್ಲಿ ಹತ್ತು ಡಿಗ್ರಿಗೆ ಹತ್ತು ಗ್ರಾಂವರೆಗೂ ಜಾರಬಹುದು. ಮಲ್ಲಿಗೆ ಹಗಲು ಎಂಟುನೂರು ಗ್ರಾಂ ಬಿಡುವಾಗ ಇದು ಲೆಕ್ಕಕ್ಕೇ ಬರುವುದಿಲ್ಲ. ರಾತ್ರಿಯಲ್ಲಿ ಗಿಡ ಬಿಡುವುದೇ ಹತ್ತಿಪ್ಪತ್ತು ಗ್ರಾಂ. ಆಗ ಯಾವುದು ಗಿಡದ್ದು, ಯಾವುದು ಯಂತ್ರದ್ದು? ಇದಕ್ಕೆ ಒಳ್ಳೆಯ ಉಪಾಯ ಅಂದರೆ ಒಂದು ತಟ್ಟೆಯನ್ನು ಗಿಡಕ್ಕೆ ಕೊಡದೆ ಕಲ್ಲಿಗೆ ಕೊಡುವುದು. ನಮ್ಮ ಮೂರನೇ 20 ಕಿಲೋ ತಟ್ಟೆಯ ಮೇಲೆ ಕೂತಿರುವುದು ಒಂದು ಸೈಜುಗಲ್ಲು. ಕಲ್ಲು ನೀರು ಕುಡಿಯುವುದಿಲ್ಲ, ಬಿಡುವುದೂ ಇಲ್ಲ. ಅದರ ತೂಕ ಮಧ್ಯಾಹ್ನ ಎಂಟು ಗ್ರಾಂ ಇಳಿದಂತೆ ತೋರಿಸಿದರೆ ಅದು ಬಿಸಿಲಿನ ಆಟ. ಅದನ್ನು ನೋಡಿಕೊಂಡು ಉಳಿದ ತಟ್ಟೆಗಳ ಲೆಕ್ಕ ಸರಿಪಡಿಸಿಕೊಂಡರೆ ಬಹುಪಾಲು ಸರಿಹೋಗುತ್ತದೆ. ಇಟ್ಟಿಗೆ ಇಡಬೇಡಿ, ಅದು ತೇವ ಹೀರುತ್ತದೆ. ಮಾರುವವರು "ನಾಲ್ಕು ಗಿಡ ಅಳೆಯಬಹುದು" ಅನ್ನುತ್ತಾರೆ. ಮೂರೇ ಅಂತ ಇಟ್ಟುಕೊಂಡು ಕೊಳ್ಳಿ.

ತೂಕ ಸರಿ ಇದೆಯೇ ಅಂತ ನೋಡಲು ನಮ್ಮ ಬೀದಿಯ ಅಂಗಡಿಯವರ ಹತ್ತಿರ ಕಬ್ಬಿಣದ 5 ಕಿಲೋ, 2 ಕಿಲೋ ಬಟ್ಟುಗಳನ್ನು ಇಸಿದುಕೊಂಡು ಬರುತ್ತೇವೆ. ಕಾನೂನು ಮಾಪನ ಇಲಾಖೆಯ ಮುದ್ರೆ ಬಿದ್ದ ಬಟ್ಟುಗಳು ಅವು. ಅದಕ್ಕಿಂತ ನಂಬಿಕೆಯ ತೂಕ ಹಳ್ಳಿ ಕಡೆ ಇನ್ನೆಲ್ಲಿ ಸಿಗುತ್ತದೆ?

ಈಗ ಅಸಲು ವಿಷಯ. ಈ ಸೆಟ್ ಕೊಡುವ ದಿನದ ಒಟ್ಟು ಲೆಕ್ಕಕ್ಕಿಂತ ನನಗೆ ಬೆಲೆ ಜಾಸ್ತಿ ಅನ್ನಿಸಿರುವುದು ಅದು ಫೋನಿನಲ್ಲಿ ಬರೆಯುವ ತೂಕದ ಗೆರೆ. ರಾತ್ರಿಯೆಲ್ಲ ಗೆರೆ ಹೆಚ್ಚುಕಮ್ಮಿ ಚಪ್ಪಟೆ. ಬಿಸಿಲು ಏರಿದ ಹಾಗೆ ಇಳಿಯಲು ಶುರು. ಹತ್ತು ಗಂಟೆಯಿಂದ ಮೂರರವರೆಗೆ ಕಡಿದಾಗಿ ಇಳಿಯುತ್ತದೆ. ಸಂಜೆ ಮತ್ತೆ ಚಪ್ಪಟೆ. ಮೋಡ ಬಂದರೆ ಅಲ್ಲೇ ಒಂದು ಸಣ್ಣ ಮೆಟ್ಟಿಲು ಕಾಣುತ್ತದೆ. ನೀರು ಸಾಕಷ್ಟಿದ್ದ ಗಿಡದ ಗೆರೆ ಇದು.

ನೀರು ಸಾಲದ ಗಿಡದ ಗೆರೆಯೇ ಬೇರೆ. ಹನ್ನೊಂದರವರೆಗೆ ಪಕ್ಕದ ಗಿಡದ ಹಾಗೇ ಇಳಿಯುತ್ತದೆ. ಆಮೇಲೆ, ನೆತ್ತಿ ಸುಡುವ ಬಿಸಿಲಿನಲ್ಲೇ, ಇಳಿಯುವುದು ನಿಧಾನವಾಗುತ್ತದೆ. ಗಿಡ ಎಲೆಯ ರಂಧ್ರ ಮುಚ್ಚಿಕೊಳ್ಳುತ್ತಿದೆ ಅಂತ ಅರ್ಥ. ಹೊರಗಿನಿಂದ ನೋಡಿದರೆ ಎಲೆ ಹಸಿರಾಗಿ ನೆಟ್ಟಗೇ ಇರುತ್ತದೆ. ನಮ್ಮ ದಾಸವಾಳದಲ್ಲಿ ಇದನ್ನು ಕಣ್ಣಾರೆ ನೋಡಿದೆವು. ಗೆರೆ ಬಾಗಿದ್ದು ಒಂದು ದಿನ, ಎಲೆ ಜೋತದ್ದು ಅದರ ಮರುದಿನ. ರಂಧ್ರ ಮುಚ್ಚಿದ ಗಿಡ ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನೂ ತಗೊಳ್ಳುವುದಿಲ್ಲ, ಅಂದರೆ ಬೆಳೆಯುವುದಿಲ್ಲ. ಬಾಡಿದ ಮೇಲೆ ನೀರು ಹಾಕಿದರೆ ಗಿಡ ಎದ್ದು ನಿಲ್ಲುತ್ತದೆ ನಿಜ. ಆದರೆ ಬೆಳೆಯದೆ ಹೋದ ಆ ಮಧ್ಯಾಹ್ನಗಳು ವಾಪಸ್ ಬರುವುದಿಲ್ಲ. ನರ್ಸರಿಯವರಿಗೆ ಗಿಡ ಒಂದು ತಿಂಗಳು ಮೊದಲೇ ಮಾರಾಟಕ್ಕೆ ಬರುವುದೂ, ತಡವಾಗುವುದೂ ಇಂಥ ಮಧ್ಯಾಹ್ನಗಳಲ್ಲೇ ತೀರ್ಮಾನ ಆಗುತ್ತದೆ.

ಮಣ್ಣಿಗೆ ಚುಚ್ಚುವ ತೇವದ ಮೀಟರ್ ಸಾಕಲ್ವಾ ಅಂತ ಕೇಳುತ್ತಾರೆ. ಅದೂ ನಮ್ಮ ಹತ್ತಿರ ಇದೆ. ಅದು ಚುಚ್ಚಿದ ಜಾಗದ ಸುದ್ದಿ ಮಾತ್ರ ಹೇಳುತ್ತದೆ. ಕೋಕೋಪೀಟ್‌ನಲ್ಲಿ, ಅಂದರೆ ಕುಂಡಕ್ಕೆ ತುಂಬುವ ತೆಂಗಿನ ನಾರಿನ ಪುಡಿಯಲ್ಲಿ, ಸ್ವಲ್ಪ ಗಾಳಿಯ ಸಂದಿ ಇದ್ದರೆ ಒಣಗಿದೆ ಅನ್ನುತ್ತದೆ. ಗೊಬ್ಬರದ ಉಪ್ಪು ಜಾಸ್ತಿಯಾದರೆ ಒದ್ದೆ ಇದೆ ಅನ್ನುತ್ತದೆ. ತೂಕ ಇಡೀ ಕುಂಡದ ಮಾತು ಹೇಳುತ್ತದೆ, ಅದೂ ಮಿಲಿಲೀಟರ್‌ನಲ್ಲಿ.

ಕೋಕೋಪೀಟ್ ವಿಷಯದಲ್ಲಿ ಈ ತಟ್ಟೆ ತೋರಿಸಿದ ಒಂದು ಸಂಗತಿ ಎಲ್ಲ ತಾರಸಿ ತೋಟದವರಿಗೂ ಗೊತ್ತಿರಬೇಕು. ಪೂರ್ತಿ ಒಣಗಿದ ಕೋಕೋಪೀಟ್ ನೀರನ್ನು ಸುಲಭಕ್ಕೆ ಹಿಡಿಯುವುದಿಲ್ಲ. ಎರಡು ಲೀಟರ್ ಸುರಿದರೆ ಕುಂಡದ ಗೋಡೆ ಪಕ್ಕದ ಸಂದಿಯಿಂದ ಹರಿದು ಕೆಳಗೆ ಬರುತ್ತದೆ. ಕೆಳಗೆ ನೀರು ಬಂತಲ್ಲ, ಸಾಕು ಅಂತ ನಾವು ಪೈಪು ಮುಂದಿನ ಕುಂಡಕ್ಕೆ ಹಿಡಿಯುತ್ತೇವೆ. ತಟ್ಟೆ ನೋಡಿದರೆ ತೂಕ ಏರಿದ್ದು 600 ಗ್ರಾಂ ಅಷ್ಟೆ! ಅದೇ ಎರಡು ಲೀಟರನ್ನು ಮೂರು ಸಲಕ್ಕೆ ಹಂಚಿ, ನಡುವೆ ಇಪ್ಪತ್ತು ನಿಮಿಷ ಬಿಟ್ಟು ಕೊಟ್ಟರೆ ಮುಕ್ಕಾಲು ಪಾಲು ಕುಂಡದಲ್ಲೇ ನಿಲ್ಲುತ್ತದೆ. ಹೀಗಾಗಿ ನಮ್ಮ ಡ್ರಿಪ್ ಟೈಮರ್ ಈಗ ಸಣ್ಣ ಸಣ್ಣ ಸರದಿಯಲ್ಲಿ ಓಡುತ್ತದೆ. ಸೋರಿ ಹೋಗುವ ನೀರಿನ ಜೊತೆ ಅದರಲ್ಲಿ ಕರಗಿಸಿ ಕೊಡುವ 19:19:19 ಗೊಬ್ಬರವೂ ಹೋಗುತ್ತಿತ್ತು, ಅದೂ ಉಳಿಯಿತು. ಪೂರ್ತಿ ಸೋರದ ಹಾಗೆ ಮಾಡುವುದೂ ಸರಿಯಲ್ಲ, ಬೋರ್‌ವೆಲ್ ನೀರಿನ ಉಪ್ಪು ಕುಂಡದಲ್ಲೇ ಕೂಡಿಕೊಳ್ಳುತ್ತದೆ. ಹಾಕಿದ್ದರಲ್ಲಿ ಹತ್ತನೇ ಒಂದು ಪಾಲಿನಷ್ಟು ಸೋರಲು ಬಿಡುತ್ತೇವೆ.

ಗಿಡಗಳ ಲೆಕ್ಕ ಕೇಳುವವರಿಗೆ ನಮ್ಮ ತಟ್ಟೆಯ ಅಂದಾಜು ಹೇಳುತ್ತೇನೆ. 12 ಇಂಚಿನ ಕುಂಡದ, ಚೆನ್ನಾಗಿ ಹರಡಿದ ಮಲ್ಲಿಗೆ ಏಪ್ರಿಲ್‌ನ ಬಿರುಬಿಸಿಲಿನ ದಿನ 800ರಿಂದ 900 ಮಿಲಿಲೀಟರ್ ಬಿಡುತ್ತದೆ. ಅದೇ ಗಿಡ ಜುಲೈಯ ಮೋಡದ ದಿನ 250ರ ಆಸುಪಾಸು. ಕಾರಣ ಬಿಸಿಲೊಂದೇ ಅಲ್ಲ, ಗಾಳಿಯ ಒಣಗೂ ಹೌದು. ಏಪ್ರಿಲ್ ಮಧ್ಯಾಹ್ನ 35 ಡಿಗ್ರಿ ಇದ್ದು, ತೇವಾಂಶ ಶೇಕಡಾ 30 ಇದ್ದರೆ, 26 ಡಿಗ್ರಿಯ, ಶೇಕಡಾ 70 ತೇವಾಂಶದ ಜುಲೈ ಮಧ್ಯಾಹ್ನಕ್ಕಿಂತ ಗಾಳಿ ಎಲೆಯಿಂದ ನೀರು ಎಳೆಯುವ ಬಲ ಮೂರು ಪಟ್ಟಿಗೂ ಜಾಸ್ತಿ. ಕಾಯಿ ಬಿಟ್ಟ ಟೊಮೆಟೊ ಬೇಸಿಗೆಯಲ್ಲಿ ಒಂದೂವರೆ ಲೀಟರ್ ದಾಟುತ್ತದೆ. ನಿಂಬೆ, ಎಲೆ ಅಷ್ಟೇ ಇದ್ದರೂ, ಮಲ್ಲಿಗೆಗಿಂತ ಕಡಿಮೆ ಬಿಡುತ್ತದೆ. ಗಿರಾಕಿಗಳಿಗೆ ಈಗ ನಾನು ಹೇಳುವುದು, ಗಿಡದ ಜಾತಿಯ ಜೊತೆಗೆ ಎಲೆಯ ಹರವನ್ನೂ ನೋಡಿ ಅಂತ. ಎಲೆ ಇಮ್ಮಡಿಯಾದರೆ ನೀರೂ ಹೆಚ್ಚುಕಮ್ಮಿ ಇಮ್ಮಡಿ. ಬೇಸಿಗೆಗೆ ಮುಂಚೆ ಮಲ್ಲಿಗೆ ಸವರಿದರೆ ನೀರಿನ ಖರ್ಚೂ ಇಳಿಯುವುದು ತಟ್ಟೆಯ ಮೇಲೆ ಮರುದಿನವೇ ಕಾಣುತ್ತದೆ.

5 ಕಿಲೋದ ತಟ್ಟೆಯ ಮೇಲೆ ಲೋಳೆಸರ ಇಟ್ಟಿದ್ದೆವು. ಇದರ ಬಗ್ಗೆ ಹೇಳದೆ ಇರಲಾರೆ. ಲೋಳೆಸರ, ಪಾಪಾಸುಕಳ್ಳಿ, ಅನಾನಸ್ ಇವೆಲ್ಲ ಎಲೆಯ ರಂಧ್ರ ತೆರೆಯುವುದು ರಾತ್ರಿ. ಪುಸ್ತಕದಲ್ಲಿ ಓದಿದ್ದೆ. ಕುಂಡದ ಬಾಯಿ ಮುಚ್ಚಿ, ಕಲ್ಲಿನ ತಟ್ಟೆಯ ಲೆಕ್ಕ ನೋಡಿ ಬಿಸಿಲಿನ ಜಾರನ್ನು ಸರಿಪಡಿಸಿಕೊಂಡ ಮೇಲೆ, ಹಗಲು ಚಪ್ಪಟೆಯಾಗಿದ್ದ ಗೆರೆ ರಾತ್ರಿ ಮೆಲ್ಲಗೆ ಇಳಿಯುವುದನ್ನು ಫೋನಿನಲ್ಲಿ ನೋಡಿದಾಗ ಮೈ ಜುಮ್ಮೆಂದಿತು. ಇಳಿದದ್ದು ಕೆಲವೇ ಗ್ರಾಂ. 20 ಕಿಲೋ ತಟ್ಟೆಯಲ್ಲಿ ಇದು ಕಾಣುತ್ತಲೇ ಇರಲಿಲ್ಲ. ಶಾಲೆ ಮಕ್ಕಳು ನರ್ಸರಿ ನೋಡಲು ಬಂದಾಗ ಈಗ ಮೊದಲು ತೋರಿಸುವುದು ಇದನ್ನೇ.

ಗಿಡವೂ ಬೆಳೆಯುತ್ತದಲ್ಲ, ಅದರ ತೂಕ? ಒಂದು ದಿನದ ಲೆಕ್ಕದಲ್ಲಿ ಅದು ನಗಣ್ಯ. ಆದರೆ ಟೊಮೆಟೊದಂಥ ಗಿಡ ಒಂದು ತಿಂಗಳಲ್ಲಿ ಕಿಲೋಗಟ್ಟಲೆ ಭಾರ ಆಗಬಹುದು. "ಇಷ್ಟು ತೂಕಕ್ಕೆ ಇಳಿದರೆ ನೀರು ಬಿಡು" ಅಂತ ಒಂದು ಅಂಕಿ ಕೊಟ್ಟು ಮರೆತರೆ, ಯಂತ್ರ ಗಿಡದ ಭಾರವನ್ನೇ ನೀರು ಅಂದುಕೊಂಡು ಸುಮ್ನೆ ಕೂರುತ್ತದೆ. ಅದಕ್ಕೆ ವಾರಕ್ಕೊಮ್ಮೆ ಕುಂಡ ಸೋರುವಷ್ಟು ನೀರು ಕೊಟ್ಟು, ಸೋರುವುದು ನಿಂತ ಮೇಲೆ ಹೊಸ ತುಂಬು ತೂಕ ಬರೆದುಕೊಳ್ಳಬೇಕು. ಆ್ಯಪ್‌ನಲ್ಲಿ ಇದಕ್ಕೆ ಒಂದು ಬಟನ್ ಇದೆ. ಕಾಯಿ ಕಿತ್ತ ದಿನ, ಸವರಿದ ದಿನವೂ ಒತ್ತಬೇಕು.

ಕೊರತೆಗಳೂ ಇವೆ. ಆ್ಯಪ್ ಪೂರ್ತಿ ಇಂಗ್ಲಿಷಿನಲ್ಲಿದೆ. ನೀರು ನೋಡಿಕೊಳ್ಳುವ ನಮ್ಮ ಹಿರಿಯ ಕೆಲಸದವರಿಗೆ ಅದು ಕಷ್ಟ. ಕನ್ನಡ ಹಾಕಿಕೊಡಿ ಅಂತ ಕೇಳಿದ್ದೇವೆ, ಇನ್ನೂ ಬಂದಿಲ್ಲ. ಆದರೂ ಗೆರೆಯನ್ನು ಅವರು ನನಗಿಂತ ಚೆನ್ನಾಗಿ ಓದುತ್ತಾರೆ. "ಅಕ್ಕಾ, ಎರಡನೇದು ಬಾಗ್ತಾ ಇದೆ ನೋಡಿ" ಅಂತ ಅವರೇ ಕರೆಯುತ್ತಾರೆ. ಕರೆಂಟ್ ಹೋದರೆ ಅಷ್ಟು ಹೊತ್ತಿನ ಲೆಕ್ಕ ಮಾಯ. ನಾವು ಸಣ್ಣ ಬ್ಯಾಟರಿ ಬ್ಯಾಕಪ್ ಸೇರಿಸಿಕೊಂಡೆವು, ಇದು ಸೆಟ್‌ನ ಜೊತೆಗೇ ಬರಬೇಕಿತ್ತು. ವೈರು ಹೋಗುವ ತೂತಿನಿಂದ ಡಬ್ಬಿಯೊಳಗೆ ಇರುವೆ ಗೂಡು ಕಟ್ಟಿದವು. ಸಿಲಿಕಾನ್ ಹಾಕಿ ಮುಚ್ಚಿದ ಮೇಲೆ ಸರಿಹೋಯಿತು. ತಟ್ಟೆಯ ಸ್ಕ್ರೂಗಳು ಮೊದಲ ಮಳೆಗೇ ತುಕ್ಕು ಹಿಡಿದವು. ನರ್ಸರಿಗೆ ಅಂತ ಮಾಡುವ ವಸ್ತುವಿಗೆ ಸ್ಟೇನ್‌ಲೆಸ್ ಸ್ಕ್ರೂ ಹಾಕದಿರುವುದು ನನಗೆ ಒಪ್ಪಿಗೆಯಿಲ್ಲ. ಗಾಳಿ ಜೋರಾದರೆ ಅಂಕಿ ಕುಣಿಯುತ್ತದೆ. ಹತ್ತಾರು ಸಲ ತೂಗಿ ನಡುವಿನ ಅಂಕಿ ತಗೊಳ್ಳುವ ಹಾಗೆ ವರ್ಕ್‌ಶಾಪ್‌ನವರು ಬದಲಿಸಿಕೊಟ್ಟ ಮೇಲೆ ಗೆರೆ ನಯವಾಯಿತು. ಫೋನ್ ಮಾಡಿದರೆ ಎತ್ತುತ್ತಾರೆ, ಎರಡು ದಿನದೊಳಗೆ ಬರುತ್ತಾರೆ. ಆ ಮಟ್ಟಿಗೆ ಸೇವೆ ಚೆನ್ನಾಗಿದೆ.

ಯಾರು ಕೊಳ್ಳಬೇಕು? ಮನೆಯ ತಾರಸಿಯಲ್ಲಿ ಹತ್ತು ಕುಂಡ ಇರುವವರಿಗೆ ಇದು ಬೇಡ. ಲಗೇಜ್ ತೂಗುವ ಕೈ ತಕ್ಕಡಿ ಐನೂರು ರೂಪಾಯಿ ಒಳಗೆ ಸಿಗುತ್ತದೆ. ಕುಂಡಕ್ಕೆ ಹಗ್ಗದ ಕುಣಿಕೆ ಕಟ್ಟಿ ಬೆಳಗ್ಗೆ ಸಂಜೆ ಎತ್ತಿ ನೋಡಿ, ಒಂದು ವಾರ ಬರೆದಿಡಿ. ನಿಮ್ಮ ಗಿಡದ ಲೆಕ್ಕ ನಿಮಗೆ ಸಿಕ್ಕಿಬಿಡುತ್ತದೆ. ಪಾಲಿಹೌಸ್‌ನಲ್ಲಿ ದಪ್ಪ ಮೆಣಸಿನಕಾಯಿ ಬೆಳೆಯುವವರು, ಒಂದೇ ಜಾತಿಯ ನೂರಾರು ಕುಂಡ ಇರುವ ನರ್ಸರಿಯವರು, ಕೃಷಿ ಕಾಲೇಜಿನ ಮಕ್ಕಳು, ಇವರಿಗೆ ಧೈರ್ಯವಾಗಿ ಹೇಳುತ್ತೇನೆ, ತಗೊಳ್ಳಿ. ಒಂದು ಸಾಲಿಗೆ ಎರಡು ಕುಂಡ ತೂಗಿದರೆ ಇಡೀ ಸಾಲಿನ ಡ್ರಿಪ್ಪನ್ನು ಅದರ ಮೇಲೆ ನಡೆಸಬಹುದು. ತೂಗುವ ಕುಂಡ ಸಾಲಿನ ನಡುವಿನದ್ದಾಗಿರಲಿ. ಅಂಚಿನ ಗಿಡಕ್ಕೆ ಬಿಸಿಲು, ಗಾಳಿ ಎರಡೂ ಜಾಸ್ತಿ ತಾಗುತ್ತದೆ, ಅದು ಕುಡಿಯುವುದೂ ಜಾಸ್ತಿ.

ದೊಡ್ಡ ಡ್ರಮ್ಮಿನ ನಿಂಬೆ, ಸೀಬೆ ಗಿಡಗಳಿಗೆ 20 ಕಿಲೋ ತಟ್ಟೆ ಸಾಲದು. ನಾಲ್ಕು ಮೂಲೆಗೂ ಒಂದೊಂದು ಸೆಲ್ ಇರುವ 200 ಕಿಲೋದ ತಟ್ಟೆ ಮಾಡಿಕೊಡುವುದಾಗಿ ವರ್ಕ್‌ಶಾಪ್‌ನವರು ಹೇಳಿದ್ದಾರೆ. ಬ್ಯಾಟರಿ, ಸ್ಟೇನ್‌ಲೆಸ್ ಸ್ಕ್ರೂ ಎರಡನ್ನೂ ಬರೆಸಿಕೊಂಡೇ ಮುಂಗಡ ಕೊಟ್ಟಿದ್ದೇವೆ. ವಾರಂಟಿ ಒಂದು ವರ್ಷ. ಇಲಿ ವೈರು ಕಡಿದರೆ ಅದು ವಾರಂಟಿಗೆ ಬರುವುದಿಲ್ಲ. ವೈರನ್ನು ಪಿವಿಸಿ ಪೈಪಿನೊಳಗೆ ಹಾಯಿಸಿಕೊಡಿ ಅಂತ ಮೊದಲೇ ಹೇಳಿ.